ಕುಂಡದ ಮಣ್ಣಾಗಿನ ಕರೀ ನೊಣ

ನಮ್ಮ ಜತ್ತ ತಾಲೂಕಿನ ಪೂರ್ವ ಭಾಗದಾಗ ಹಾರಾಡುವ ಸಣ್ಣ ಹುಳಕ್ಕೆಲ್ಲ ಒಂದೇ ಹೆಸರು, ಗುಂಗಾಡ. ಕಡಿಯುವುದೂ ಗುಂಗಾಡ, ಕಡಿಯದೆ ಇರುವುದೂ ಗುಂಗಾಡ. ಕೊಳೆತ ಬಾಳಿಹಣ್ಣಿನ ಮ್ಯಾಲ ಕೂಡ್ರೂದೂ ಅದೇ, ಬಚ್ಚಲ ಮೋರ್ಯಾಗಿಂದ ಏಳೂದೂ ಅದೇ. ಕರು, ಮಣಕ, ಹೋರಿ, ಎತ್ತು ಅಂತ ದನಕ್ಕೆ ವಯಸ್ಸಿಗೊಂದು ಹೆಸರು ಇಟ್ಟ ಹಿರಿಯರು ಈ ಹುಳದ ಗೊಡವಿಗೆ ಹೋಗಲಿಲ್ಲ. ಹೋಗುವ ಕಾರಣವೂ ಇರಲಿಲ್ಲ. ಅವರ ಕಾಲಕ್ಕೆ ಗಿಡ ಅಂದ್ರ ಹೊರಗ ಇರೂದು. ತುಳಸಿ ಅಂಗಳದ ಕಟ್ಟ್ಯಾಗ, ಬೇವು ಬಾಗಿಲ ಮುಂದ, ಕರಿಬೇವು ಬಚ್ಚಲ ನೀರು ಹರಿಯೂ ಕಡೆ. ಮನಿ ಒಳಗ ಗಿಡ ಬೆಳಸೂದು ನಮ್ಮ ಮಕ್ಕಳ ಕಾಲಕ್ಕೆ ಬಂತು.

ಈಗ ನಮ್ಮೂರಾಗ ಸ್ಲ್ಯಾಬಿನ ಮನಿ ಕಟ್ಟಿದವರ ಪಡಸಾಲಿಗೆ ಹೋಗಿ ನೋಡ್ರಿ. ಟಿವಿ ಪಕ್ಕ ಒಂದು ಮನಿಪ್ಲ್ಯಾಂಟ್ ಇದ್ದೇ ಇರ್ತದ. ಕಿಟಕ್ಯಾಗ ಲೋಳಸರ, ಮೂಲ್ಯಾಗ ಹಾವಿನ ಮೈಯಂಗ ಪಟ್ಟಿ ಇರೂ ಗಿಡ. ಹೊರಗ ಇಟ್ರ ಆಡು ಬಿಡೂದಿಲ್ಲ, ಆಡು ಬಿಟ್ರ ಎಪ್ರಿಲ್ ಬಿಸಿಲು ಬಿಡೂದಿಲ್ಲ. ಹಿಂಗಾಗಿ ಗಿಡ ಒಳಗ ಬಂತು, ಅದರ ಸಂಗಾಟ ಒಂದು ಹುಳಾನೂ ಒಳಗ ಬಂತು. ವಾಚನಾಲಯದ ಹುಡುಗರು ಈ ಸಲದ ಪುಸ್ತಕಕ್ಕೆ ಹಾಡಿನ ಬಗ್ಗೆ ಬರೀರಿ ಕಾಕಾ ಅಂದಿದ್ರು. ಹಾಡು ಹಾಡಿದ್ರ ಚಂದ, ಹಾಡಿನ ಬಗ್ಗೆ ಬರದ್ರ ಸಪ್ಪಗ. ಅದಕ್ಕ ಈ ಹುಳದ ಬಗ್ಗೆ ಬರಿಯಾಕ ಕೂತೇನಿ.

ಇಲ್ಲೇ ಒಂದು ಮಾತು ಹೇಳಿ ಮುಂದ ಹೋಗ್ತೇನಿ. ಮರಾಠಿಯೊಳಗ ಗಿಡ ಇಡುವ ಕುಂಡಕ್ಕೆ ಕುಂಡಿ ಅಂತಾರ. ಗಡಿಭಾಗದವರಿಗೆ ಇದರ ಫಜೀತಿ ಗೊತ್ತು. ನರ್ಸರಿಯವನೊಬ್ಬ ನಮ್ಮ ಬೀಗರನ್ನ "ಕುಂಡಿ ಮೋಠಿ ಪಾಹಿಜೆ ಕೀ ಲಹಾನ" ಅಂತ ಕೇಳಿ, ಬೀಗರು ಗಿಡ ಅಲ್ಲೇ ಬಿಟ್ಟು ಸಿಟ್ಟಿಲೆ ಎದ್ದು ಬಂದಿದ್ರು. ಆದ್ದರಿಂದ ನಾನು ಕುಂಡ ಎಂದೇ ಬರೆಯುತ್ತೇನೆ.

ನಮ್ಮ ಮನಿಯ ಕುಂಡಗಳು ನಮ್ಮಾಕಿಯವು. 11 ಅದಾವ. ಮೊಣಕಾಲು ಹಿಡಕೊಂಡ ಮ್ಯಾಲ ಆಕಿಗೆ ಹೊಲಕ್ಕ ಹೋಗೂದು ಆಗಲಿಲ್ಲ. ನಾಕು ಎಕರೆ ಜ್ವಾಳ, ಒಂದು ಎಕರೆ ದ್ರಾಕ್ಷಿ ನೋಡಿಕೊಂಡಿದ್ದ ಹೆಣಮಗಳು ಪಡಸಾಲ್ಯಾಗ ಕೂತು ಏನ ಮಾಡಬೇಕು? ತುಳಸಿ, ದೊಡ್ಡಪತ್ರಿ, ಎಲಿಬಳ್ಳಿ, ಮನಿಪ್ಲ್ಯಾಂಟು, ಲೋಳಸರ ಎಲ್ಲಾ ಹಚ್ಚಿ ಅದನ್ನೇ ಹೊಲ ಮಾಡಿಕೊಂಡಳು. ಮುಂಜಾನೆ ಎದ್ದು ಮದಲ ಗಿಡಕ್ಕ ನೀರು, ಆಮ್ಯಾಲ ನಮಗ ಚಹಾ.

ಆ ನೀರಿನ ಕತಿ ಹೇಳದೆ ಈ ಹುಳದ ಕತಿ ತಿಳಿಯೂದಿಲ್ಲ. 1972ರ ಬರಗಾಲದಾಗ ನಾನು ಏಳನೇ ಇಯತ್ತೆ ಮುಗಿಸಿ ಸಾಲಿ ಬಿಟ್ಟೆ. ರಸ್ತೆ ಕೆಲಸದ ಮ್ಯಾಲ ಖಡಿ ಒಡದು, ಸರಕಾರ ಕೊಟ್ಟ ಸುಕಡಿ ತಿಂದು ದಿನ ಕಳದವರು ನಾವು. ನಮ್ಮಾಕಿ ಆಗ ಎಂಟು ವರ್ಷದಾಕಿ. ಹಳ್ಳದ ಉಸುಕು ಕೆದರಿ ವರತಿ ತೋಡಿ, ಪರಟಿಲೆ ಗೀರಿ ಗೀರಿ ಒಂದು ಕೊಡ ತುಂಬಾಕ ಅರ್ಧ ದಿನ ಹೋಗ್ತಿತ್ತಂತ. ಈಗಲೂ ಬ್ಯಾಸಗ್ಯಾಗ ನಮ್ಮೂರಿಗೆ ಟ್ಯಾಂಕರೇ ಗತಿ. ಇಂಥ ನೆಲದಾಗ ಹುಟ್ಟಿದವರು ನೀರು ಚೆಲ್ಲೂದಿಲ್ಲ. ಅಕ್ಕಿ ತೊಳೆದ ನೀರು, ಬ್ಯಾಳಿ ತೊಳೆದ ನೀರು, ತಾಟು ಗಲಬರಿಸಿದ ನೀರು, ಎಲ್ಲಾ ಕುಂಡಕ್ಕ. ಚಹಾ ಸೋಸಿದ ಪುಡಿನೂ ಕುಂಡಕ್ಕ. ಒಂದು ಜೀವಕ್ಕ ನೀರು ಹಾಕೂದು ಪುಣ್ಯ, ಹಾಕದೆ ಇರೂದು ಪಾಪ ಅನ್ನೂದು ಆಕಿಯ ರಕ್ತದಾಗ ಅದ. ನನ್ನ ರಕ್ತದಾಗೂ ಅದ.

ಹೋದ ವರ್ಷ ಶ್ರಾವಣದಾಗ ಮಗಳು ಬಾಣಂತನಕ್ಕ ಬಂದಳು. ಗಂಡು ಕೂಸು. ಗಾಳಿ ತಾಕಬಾರದು ಅಂತ ಕಿಟಕಿ ಹಾಕಿದೆವು, ಬಾಗಿಲಿಗೆ ಪರದೆ ಇಳಿಬಿಟ್ಟೆವು. ಹೊರಗ ಮೋಡ, ಜಿಟಿಜಿಟಿ ಮಳಿ. ಹದಿನೈದು ದಿನದಾಗ ಪಡಸಾಲಿ ತುಂಬ, ಕೂಸಿನ ಖೋಲಿ ತುಂಬ ಸಣ್ಣ ಕರೀ ಹುಳ. ಚಹಾದ ಕಪ್ಪಿನಾಗ ಬೀಳಾಕ ಹತ್ತಿದವು. ಕೂಸಿನ ಮಾರಿ ಮುಂದ ಹಾರಾಡಾಕ ಹತ್ತಿದವು. ನೋಡಾಕ ಬಂದ ಒಬ್ಬ ಅಕ್ಕಾರು, ಇವು ಡೆಂಗಿ ಗುಂಗಾಡ, ಕುಂಡದಾಗ ಹುಟ್ತಾವ, ಎಲ್ಲಾ ಕುಂಡ ತಿಪ್ಪಿಗೆ ಒಗೀರಿ ಅಂದು ಹೋದ್ರು. ಬಾಣಂತಿ ಅಳಾಕ ಹತ್ತಿದಳು.

ನನ್ನ ಮಗ ಅಂಥವನಲ್ಲ, ಆದ್ರ ಅವಸರದವ. ದ್ರಾಕ್ಷಿಗೆ ಹೊಡಿಯೂ ಎಣ್ಣಿ ಡಬ್ಬಿ, ಕೈಪಂಪು ತಂದು ಬಾಗಿಲಾಗ ನಿಂತ.

"ಅಪ್ಪಾ, ಬಾಣಂತೀನ ಒಂದು ತಾಸು ಅಡಿಗಿ ಮನ್ಯಾಗ ಕೂಡ್ರಸು. ಒಂದ ಸಲ ಹೊಡದು ಬಾಗಿಲ ಹಾಕಿಬಿಡ್ತೀನಿ. ಮುಗೀತು."

ನಮ್ಮಾಕಿ ಗ್ವಾಡಿ ಹಿಡಕೊಂಡು ಎದ್ದಳು. "ನನ್ನ ಗಿಡ ಎಲ್ಲಾ ಒಗೀರಿ, ನಾ ಏನೂ ಅನ್ನೂದಿಲ್ಲ. ಕೂಸಿನ ಖೋಲ್ಯಾಗ ಆ ಎಣ್ಣಿ ಮಾತ್ರ ಬ್ಯಾಡ."

ದ್ರಾಕ್ಷಿ ಬೆಳಿಯೂ ಊರಾಗ ಈ ಡಬ್ಬಿ ಎಲ್ಲರ ಶೆಡ್ಡಿನಾಗೂ ಅದಾವ, ಆದ್ದರಿಂದ ಇದನ್ನ ಬಿಡಿಸಿ ಬರಿತೇನಿ. ಡಬ್ಬಿಯ ಮ್ಯಾಲ ಮೂಲಿ ಮ್ಯಾಲ ನಿಂತ ಒಂದು ಚೌಕ ಇರ್ತದ. ಅದರ ಕೆಳಗಿನ ಅರ್ಧಕ್ಕ ಬಣ್ಣ ಹಚ್ಚಿರ್ತಾರ. ಕೆಂಪು ಇದ್ರ ಎಲ್ಲಕ್ಕಿಂತ ಜಹಾಲ ವಿಷ. ಆಮ್ಯಾಲ ಹಳದಿ, ಆಮ್ಯಾಲ ನೀಲಿ, ಕಡೀಕ ಹಸಿರು. ಮಗನ ಕೈಯಾಗ ಇದ್ದದ್ದು ಹಳದಿ. ಬಯಲಾಗ, ಗಾಳ್ಯಾಗ, ಮಾರಿಗೆ ಅರಿವಿ ಕಟ್ಟಿಕೊಂಡು ಹೊಡೆದ ಮ್ಯಾಲೂ ನಮಗ ತಲಿ ತಿರಗ್ತದ. ಕಿಟಕಿ ಹಾಕಿದ ಖೋಲ್ಯಾಗ ಹೊಡದ್ರ ಅದು ಹಾಸಿಗಿಗೆ, ತೊಟ್ಟಿಲ ಹಗ್ಗಕ್ಕ, ಕೂಸಿನ ಕುಂಚಿಗಿಗೆ ಹತ್ತಿ ಉಳಿತದ. ಕೂಸು ಕೈಗೆ ಸಿಕ್ಕಿದ್ದನ್ನ ಬಾಯಾಗ ಇಡ್ತದ. ಇಷ್ಟೆಲ್ಲಾ ಮಾಡಿದ್ರೂ ಹಾರಾಡೂ ಹುಳ ಮಾತ್ರ ಸಾಯ್ತಾವ, ಮಣ್ಣಾಗಿನ ಮರಿ ಹಂಗೇ ಉಳಿತಾವ. ಎಂಟು ದಿನಕ್ಕ ಮತ್ತ ಅಷ್ಟೇ.

ನಾನು ಮಗನಿಗೆ ಅಂದೆ, "ತಮ್ಮಾ, ನನಗ 21 ದಿನ ಕೊಡು. ಅಷ್ಟರಾಗ ಇವು ಹೋಗದಿದ್ರ ನಾನೇ ಕುಂಡ ತಿಪ್ಪಿಗೆ ಹಾಕ್ತೇನಿ." ಅವ ಡಬ್ಬಿ ಒಯ್ದು ಶೆಡ್ಡಿನಾಗ ಇಟ್ಟ. ಆವತ್ತೇ 11 ಕುಂಡ ಕೂಸಿನ ಖೋಲಿಯಿಂದ ದೂರ, ಹೊರಗಿನ ಜಾಳಗಿ ಹಾಕಿದ ಕಟ್ಟಿಗೆ ಇಟ್ಟೆವು. ತೊಟ್ಟಿಲಿಗೆ ಸೊಳ್ಳಿ ಪರದೆ ಕಟ್ಟಿದೆವು.

21 ದಿನ ಅಂತ ಬಾಯಿಗೆ ಬಂದದ್ದು ಹೇಳಲಿಲ್ಲ. ಶೇಡ್‌ನೆಟ್ಟಿನಾಗ ಮೆಣಸಿನಕಾಯಿ ಸಸಿ ಬೆಳಸೂ ಗೆಳೆಯನ ಕಡೆ ನಾನು ಎರಡು ಹಂಗಾಮು ಕೆಲಸ ಮಾಡೇನಿ. ಕೊಕೊಪೀಟ್ ತುಂಬಿದ ಟ್ರೇದಾಗ ಇದೇ ಹುಳ ಬೀಳ್ತಿತ್ತು, ಎಳೀ ಸಸಿ ಬುಡಕ್ಕ ಕೊಳತು ಮಲಗ್ತಿದ್ದವು. ಅಲ್ಲಿಗೆ ಬಂದ ಕೃಷಿ ಸಹಾಯಕರು ಇದಕ್ಕ ಫಂಗಸ್ ನ್ಯಾಟ್ ಅಂತಾರ ಅಂತ ಹೇಳಿ ಇದರ ಪೂರಾ ಸಂಸಾರ ತೋರಿಸಿದ್ರು. ಫಂಗಸ್ ಅಂದ್ರ ಬೂಷ್ಟು. ನಾನು ಇದನ್ನ ಬೂಷ್ಟಿನ ನೊಣ ಅಂತೇನಿ.

ಆದ್ರೂ ಮನ್ಯಾಗ ಬಂದದ್ದು ಅದೇ ಹುಳಾನೋ, ಅಕ್ಕಾರು ಹೇಳಿದ ಡೆಂಗಿ ಸೊಳ್ಳಿಯೋ ಖಾತ್ರಿ ಆಗಬೇಕಲ್ಲ. ನಾನು 40 ವರ್ಷ ಹರದೇಸಿ-ನಾಗೇಸಿ ಹಾಡಿನಾಗ ಡಪ್ಪು ಹಿಡದವ. ಎದುರಿನ ಮೇಳದವರು ಸವಾಲು ಹಾಕ್ತಾರ, ನಾವು ಜವಾಬು ಕೊಡಬೇಕು. ಹುಳಕ್ಕೂ ಹಂಗೇ ಸವಾಲು ಹಾಕಿದೆ.

ನೀ ಕಡಿತೀಯೋ ಇಲ್ಲೋ? ನನ್ನ ತೋಳು ತಗದು ಕುಂಡದ ಬಾಜೂಕ ಅರ್ಧ ತಾಸು ಕೂತೆ. ಮ್ಯಾಲ ಕೂತು ಎದ್ದು ಹೋದವು, ಒಂದೂ ಕಡೀಲಿಲ್ಲ. ಬೂಷ್ಟಿನ ನೊಣ ಮನುಷ್ಯಾರ ರಕ್ತ ಕುಡಿಯೂದಿಲ್ಲ, ಅದರ ಬಾಯಿ ಅದಕ್ಕ ಆಗಿಬಂದಿಲ್ಲ.

ನೀ ಹೆಂಗ ಹಾರ್ತಿ? ಸೊಳ್ಳಿ ಗುಂಯ್ ಅಂತ ಕಿವಿ ಹತ್ರ ಬರ್ತದ. ಇದಕ್ಕ ದನಿ ಕೇಳಸೂದಿಲ್ಲ. ಹಾರಾಟದಾಗ ಕಸುವಿಲ್ಲ, ಕುಡುಕರಂಗ ಅತ್ತಿತ್ತ ತೇಲಿ ಮತ್ತ ಮಣ್ಣಿನ ಮ್ಯಾಲ ಇಳಿತದ. ಕುಂಡ ಅಳಗಾಡಿಸಿದ್ರ ಭುರ್ ಅಂತ ಏಳ್ತಾವ, ಬಹಳ ದೂರ ಹೋಗೂದಿಲ್ಲ. ಮಣ್ಣಿನ ಮ್ಯಾಲ ಇರುವಿಯಂಗ ಓಡಾಡ್ತಾವ.

ನಿನ್ನ ರೂಪ ಏನು? ಸಾಲಿಯಿಂದ ಭೂತಗನ್ನಡಿ ತರಿಸಿ ನೋಡಿದೆ. ಮೈ ಕಪ್ಪು, ಉದ್ದ ಮೂರು ಮಿಲಿಮೀಟರ, ಅಂದ್ರ ಒಂದು ಎಳ್ಳಿನಷ್ಟು. ಕಾಲು ಉದ್ದ, ತಲಿ ಮ್ಯಾಲ ಮಣಿ ಪೋಣಿಸಿದಂಥ ಎರಡು ಮೀಸಿ. ರೆಕ್ಕ್ಯಾಗ ಇಂಗ್ಲಿಷಿನ ವಾಯ್ ಅಕ್ಷರದಂಗ ಕವಲು ಒಡೆದ ಒಂದು ಗೆರಿ. ಆ ಗೆರಿ ಕಂಡ್ರ ಬೂಷ್ಟಿನ ನೊಣ ಅಂತ ತಿಳೀರಿ. ಬಾಳಿಹಣ್ಣಿನ ನೊಣ ಬ್ಯಾರೆ. ಅದು ಕಂದು ಬಣ್ಣದ್ದು, ಗಿಡ್ಡ, ದುಂಡಗ, ಕಣ್ಣು ಕೆಂಪು. ಬಚ್ಚಲದ್ದು ಮೈತುಂಬ ಕೂದಲಿದ್ದ ಸಣ್ಣ ಪತಂಗದಂಗ, ಗ್ವಾಡಿಗೆ ಅಂಟಿಕೊಂಡು ಕೂಡ್ರತದ.

ಡೆಂಗಿ ಸೊಳ್ಳಿ ಹೊರಗಿನಿಂದ ಬಂದದ್ದಲ್ಲ ಅಂತ ಹೇಳಾಕ ಇನ್ನೊಂದು ಕಡೆ ನೋಡಬೇಕಾಗಿತ್ತು, ಕುಂಡದ ಕೆಳಗಿನ ತಟ್ಟಿ. ಅಕ್ಕಾರ ಮಾತಿನಾಗ ಅರ್ಧ ಖರೆ ಇತ್ತು. ಡೆಂಗಿ ಸೊಳ್ಳಿ ಹಸಿ ಮಣ್ಣಾಗ ಬೆಳಿಯೂದಿಲ್ಲ, ಆದ್ರ ತಟ್ಟ್ಯಾಗ ನಿಂತ ತಿಳಿನೀರಿನಾಗ ಬೆಳಿತದ. ಒಂದು ವಾರ ಹತ್ತು ದಿನ ನೀರು ನಿಂತ್ರ ಸಾಕು. ನಮ್ಮ ತಟ್ಟಿಯೊಳಗ ಹೊರಳಾಡೂ ಮರಿ ಇರಲಿಲ್ಲ. ಇದ್ರೂ ಇರದಿದ್ರೂ ಎಲ್ಲಾ ತಟ್ಟಿ ಚೆಲ್ಲಿ, ತಿಕ್ಕಿ ಒಣಗಿಸಿ ಇಟ್ಟೆವು. ಸೊಳ್ಳಿಯ ತತ್ತಿ ತಟ್ಟಿಯ ಅಂಚಿಗೆ ಅಂಟಿ ಇರ್ತದ, ಬರೇ ಚೆಲ್ಲಿದ್ರ ಹೋಗೂದಿಲ್ಲ.

ಇನ್ನ ಮರಿ. ಇದನ್ನ ಹುಡುಕಾಕ ಬಟಾಟಿ ಬೇಕು. ಹಸೀ ಬಟಾಟಿಯನ್ನ ಬೆರಳು ದಪ್ಪ ಬಿಲ್ಲಿ ಕೊಯ್ದು, ಕೊಯ್ದ ಮಗ್ಗಲು ಕೆಳಗ ಮಾಡಿ ಮಣ್ಣಿಗೆ ಒತ್ತಿ ಇಡಬೇಕು. ಮೂರು ನಾಕು ದಿನದ ಮ್ಯಾಲ ಎತ್ತಿ ನೋಡ್ರಿ. ನಾನು 11 ಕುಂಡದಾಗೂ ಇಟ್ಟೆ. ಎಲಿಬಳ್ಳಿ, ತುಳಸಿ, ಎರಡು ಮನಿಪ್ಲ್ಯಾಂಟು, ದೊಡ್ಡಪತ್ರಿ, ಈ ಐದು ಕುಂಡದ ಬಟಾಟಿ ಎತ್ತಿದಾಗ ಕೆಳಗ ಮರಿಗಳು. ಬೆಂದ ಶಾವಿಗಿ ತುಣುಕಿನಂಗ ಬಿಳುಪು, ಒಳಗಿಂದೆಲ್ಲ ಕಾಣೂವಂಥ ಮೈ, ಕಾಲಿಲ್ಲ, ತಲಿ ಮಾತ್ರ ಸಾಸವಿ ಸಿಪ್ಪಿಯಂಗ ಕಪ್ಪಗ ಮಿಂಚತದ. ಮಗಳು ಕೂಸಿನ್ನ ಎತ್ತಿಕೊಂಡು ಬಂದು ನೋಡಿದಳು. ಕಣ್ಣಿಲೆ ನೋಡಿದ ಮ್ಯಾಲ ಅಕಿ ಅಂಜಿಕಿ ಅರ್ಧ ಇಳೀತು. ಇದು ಏನಂತ ಗೊತ್ತಾತು, ಎಲ್ಲಿ ಅದ ಅಂತ ಗೊತ್ತಾತು.

ಈ ಮರಿ ಮಣ್ಣಿನ ಮ್ಯಾಲಿನ ಎರಡು ಮೂರು ಇಂಚಿನಾಗ ಇರ್ತದ. ಹಸಿ ಮಣ್ಣಿನ ಬೂಷ್ಟು, ಕೊಳೆತ ಎಲಿ, ಪಾಚಿ ಇದರ ಊಟ. ಅದು ಸಾಲದಾದ್ರ ಎಳೀ ಬೇರು ತಿಂತದ. ದೊಡ್ಡ ಗಿಡ ತಡಕೋತದ, ಸಸಿ ತಡಕೋಳೂದಿಲ್ಲ. ತತ್ತಿ ಒಡಿಯಾಕ ಮೂರು ದಿನ, ಮರಿ ಬೆಳಿಯಾಕ ಹತ್ತು ದಿನ, ಕೋಶದಾಗ ನಾಕು ದಿನ. ರೆಕ್ಕಿ ಬಂದದ್ದು ಒಂದು ವಾರ ಬದುಕ್ತದ, ಅಷ್ಟರಾಗ ಒಂದು ಹೆಣ್ಣು ನೂರರ ಮ್ಯಾಲ ತತ್ತಿ ಇಡ್ತದ. ಇವತ್ತು ಇದ್ದ ತತ್ತಿ, ಮರಿ, ಕೋಶ ಎಲ್ಲಾ ಹಾರಿ ಮುಗಿಯಾಕ ಮೂರು ವಾರ ಹಿಡಿತದ. ಅದಕ್ಕ 21 ದಿನ ಕೇಳಿದ್ದೆ.

ಈಗ ಉಪಾಯ. ಔಷಧ ಕೇಳಾಕ ಅಂಗಡಿಗೆ ಹೋಗೂಕಿಂತ ಮದಲು ಮಣ್ಣು ಒಣಗಸ್ರಿ. ಹೆಣ್ಣು ನೊಣ ಹಸಿ ಮಣ್ಣು ಹುಡುಕಿ ತತ್ತಿ ಇಡ್ತದ, ಮ್ಯಾಲಿನ ಪದರು ಒಣಗಿದ್ರ ತತ್ತಿ ಮರಿ ಎರಡೂ ಸಾಯ್ತಾವ. ಇಷ್ಟು ಸುಲಭದ ಮಾತು ನಮ್ಮ ಮನ್ಯಾಗ ಎಲ್ಲಕ್ಕಿಂತ ಕಠಿಣ ಆತು.

"ಗಿಡ ಬಾಯಿ ಬಿಡ್ತಾವ್ರೀ," ಅಂದಳು ನಮ್ಮಾಕಿ. "ಒಂದು ತಂಬಗಿ ನೀರು ಹಾಕಿದ್ರ ಏನ ಆಗ್ತದ? ನೀರಿಗೆ ಎಷ್ಟು ಒದ್ದಾಡಿ ಬಂದೇವಿ ನಾವು."

ಆಕಿಗೆ ಲೆಕ್ಕ ಹೇಳಿದ್ರ ನಡಿಯೂದಿಲ್ಲ. ನಾನು ಡಪ್ಪು ತಗೊಂಡು ಬಂದೆ. ಮಳಿಗಾಲದಾಗ ಡಪ್ಪಿನ ಚರ್ಮ ಥಂಡಿ ಹಿಡದು ಬದ್ ಬದ್ ಅಂತದ. ಬೆಂಕಿಗೆ ಕಾಸಿ ಬಿಗಿ ಮಾಡಿದ ಮ್ಯಾಲ ಖಣ್ ಅಂತದ. ಇದು ಆಕಿಗೆ ಗೊತ್ತು, ಎಷ್ಟೋ ಸಲ ಆಕಿನೇ ಕಾಸಿ ಕೊಟ್ಟಾಳ. ಮಣ್ಣಿನ ಕುಂಡಾನೂ ಹಂಗೇ. ಬೆರಳ ಗಂಟಿಲೆ ಹೊರಮಗ್ಗಲು ಬಡದ್ರ, ಒಳಗ ಹಸಿ ಇದ್ರ ಮಂದ ದನಿ, ಒಣಗಿದ್ರ ಬಿಗಿ ದನಿ. ಹನ್ನೊಂದೂ ಕುಂಡ ಬಡದು ತೋರಿಸಿದೆ. ಎಂಟು ಕುಂಡ ಬದ್ ಅಂದವು. ಮೂರು ಪ್ಲಾಸ್ಟಿಕ್‌ನವು, ಅವಕ್ಕ ದನಿ ಇಲ್ಲ, ಎತ್ತಿ ಭಾರ ನೋಡಬೇಕು. ಬೆರಳು ಎರಡು ಗಿಣ್ಣಿನ ತನಕ ಮಣ್ಣಾಗ ಇಳಿಸಿ ನೋಡೂದು ಇನ್ನೂ ಭರವಸದ ಕೆಲಸ. ಆಕಿ ಬೆರಳು ಇಳಿಸಿದಳು, ಸುಮ್ಮನ ತಗದು ಸೆರಗಿಗೆ ಒರಿಸಿಕೊಂಡಳು. ಮರುದಿನದಿಂದ ತಂಬಗಿ ಬಿಟ್ಟು ಬೆರಳಿಲೆ ಗಿಡ ನೋಡಾಕ ಹತ್ತಿದಳು. ಕುಂಡ ಬಡಿಯೂ ದನಿ ಕೇಳಿ ಕೇಳಿ ಕೂಸಿಗೂ ರೂಢಿ ಆತು.

ಎಲ್ಲಾ ಗಿಡಕ್ಕ ಒಂದೇ ನ್ಯಾಯ ಇಲ್ಲ. ಲೋಳಸರ, ಪಟ್ಟಿ ಗಿಡ ಹದಿನೈದು ದಿನ ನೀರು ಇಲ್ಲದೆ ಆರಾಮ ಇರ್ತಾವ. ಮನಿಪ್ಲ್ಯಾಂಟಿಗೆ ಎರಡು ಇಂಚು ಒಣಗಿದ ಮ್ಯಾಲ ನೀರು ಸಾಕು. ಎಲಿಬಳ್ಳಿ ಮಾತ್ರ ಬಹಳ ಒಣಗಿಸಿದ್ರ ಹೋಗ್ತದ. ಅದಕ್ಕ ಕೆಳಗಿಂದ ನೀರು ಕೊಟ್ಟೆವು. ತಟ್ಟ್ಯಾಗ ನೀರು ಹಾಕಿ ಅರ್ಧ ತಾಸು ಇಟ್ರ ಬುಡದ ತೂತಿನಿಂದ ಬೇಕಾದಷ್ಟು ಎಳಕೋತದ, ಉಳಿದದ್ದು ಚೆಲ್ಲಬೇಕು. ಬೇರಿಗೆ ನೀರು ಸಿಕ್ತು, ಮ್ಯಾಲಿನ ಪದರು ಒಣಗೇ ಉಳೀತು.

ಅಕ್ಕಿ ನೀರು, ಬ್ಯಾಳಿ ನೀರು, ಚಹಾಪುಡಿ ಒಳಗಿನ ಕುಂಡಕ್ಕ ಬಂದ್ ಮಾಡಿದೆವು. ಅದರಾಗಿನ ಗಂಜಿಗೆ ಬೂಷ್ಟು ಏಳ್ತದ, ಬೂಷ್ಟಿಗೆ ಹುಳ ಬರ್ತದ. ಚೆಲ್ಲಬ್ಯಾಡ್ರಿ, ಅಂಗಳದ ಕರಿಬೇವಿಗೆ ಹಾಕ್ರಿ.

ಹಾರಾಡೂ ಹುಳಕ್ಕ ಹಳದಿ ಕಾರ್ಡು. ದ್ರಾಕ್ಷಿ ತೋಟದವರ ಮನ್ಯಾಗ ಇವು ಇದ್ದೇ ಇರ್ತಾವ. ಇಲ್ಲದವರು ಹಳದಿ ಪ್ಲಾಸ್ಟಿಕ್ ಡಬ್ಬಿ ಮುಚ್ಚಳಕ್ಕ ಔಡಲ ಎಣ್ಣಿ ಸವರಿ ಮಣ್ಣಿನ ಹತ್ರ ಇಡ್ರಿ. ಎತ್ತರದಾಗ ತೂಗು ಹಾಕಿದ್ರ ಉಪಯೋಗ ಕಡಿಮಿ, ಇವು ನೆಲ ಬಿಟ್ಟು ಮ್ಯಾಲ ಹೋಗೂದು ಅಪರೂಪ. ಕಾರ್ಡಿನಿಂದ ಹುಳ ಮುಗಿಯೂದಿಲ್ಲ, ಆದ್ರ ಲೆಕ್ಕ ಸಿಗ್ತದ. ಮದಲನೇ ವಾರ ನಮ್ಮ ಕಾರ್ಡಿಗೆ 60ರ ಮ್ಯಾಲ ಹತ್ತಿದ್ದವು.

ಮಣ್ಣಾಗಿನ ಮರಿಗೆ ಬೇವು. 50 ಗ್ರಾಂ ಬೇವಿನ ಬೀಜದ ತಿರುಳು ಕುಟ್ಟಿ ಅರಿವ್ಯಾಗ ಕಟ್ಟಿ ಒಂದು ಲೀಟರ ನೀರಿನಾಗ ರಾತ್ರಿ ನೆನೆ ಇಟ್ಟು, ಮುಂಜಾನೆ ಹಿಂಡಿ ಸೋಸಿ, ನೀರು ಕೊಡೂ ದಿನ ನೀರಿನ ಬದಲಿ ಅದನ್ನೇ ಮಣ್ಣಿಗೆ ಹಾಕಿದೆವು. ವಾರಕ್ಕೊಮ್ಮೆ ಮೂರು ಸಲ. ಬೇವು ಆ ಕ್ಷಣಕ್ಕ ಕೊಲ್ಲೂದಿಲ್ಲ, ಮರಿ ಪೊರೆ ಬಿಟ್ಟು ಬೆಳಿಯೂದನ್ನ ತಡಿತದ. ಪ್ಯಾಟ್ಯಾಗ ಸಿಕ್ಕವರಿಗೆ ಇನ್ನೊಂದು ಅದ. ಸೊಳ್ಳಿ ಮರಿ ಕೊಲ್ಲಾಕ ನಿಂತ ನೀರಿಗೆ ಹಾಕುವ ಬಿ.ಟಿ. ಪುಡಿ, ಇಸ್ರೇಲೆನ್ಸಿಸ್ ಅನ್ನೂ ಜಾತಿಯದು. 1976ರಾಗ ಇಸ್ರೇಲ ದೇಶದ ಮರುಭೂಮಿಯ ಒಂದು ಹೊಂಡದಾಗ ಸಿಕ್ಕ ಸೂಕ್ಷ್ಮ ಜೀವಿ ಅದು. ಈ ನೊಣದ ಮರಿಗೂ ನಡಿತದ. ಕಾಯಿಕೊರಕಕ್ಕ ಹೊಡಿಯೂ ಬಿ.ಟಿ. ಬ್ಯಾರೆ ಜಾತಿ, ಅದು ಇದಕ್ಕ ನಡಿಯೂದಿಲ್ಲ. ಹೆಸರು ಒಂದೇ ಅಂತ ತರಬ್ಯಾಡ್ರಿ.

ಕೆಲವರು ಮ್ಯಾಲ ಉಸುಕು ಹರವ್ತಾರ. ನನಗ ಅದು ಅಷ್ಟು ಸೇರೂದಿಲ್ಲ. ಮ್ಯಾಲ ಒಣಗಿದಂಗ ಕಾಣ್ತದ, ಕೆಳಗ ಹಸಿ ಅದನೋ ಇಲ್ಲೋ ತಿಳಿಯೂದಿಲ್ಲ, ಬೆರಳಿಗೂ ಅಡ್ಡ.

ಎರಡನೇ ವಾರಕ್ಕ ಹುಳ ಕಡಿಮಿ ಆಗಲಿಲ್ಲ. ಮಗ ದಿನಾ ಕಾರ್ಡ ನೋಡಿ ನನ್ನ ಮಾರಿ ನೋಡ್ತಿದ್ದ. ಕೋಶದಾಗ ಇದ್ದವು ಆಗ ಹೊರಗ ಬರ್ತಿರ್ತಾವ, ಅವಕ್ಕ ಒಣ ಮಣ್ಣೂ ಹತ್ತೂದಿಲ್ಲ, ಬೇವೂ ಹತ್ತೂದಿಲ್ಲ. ಬಹಳ ಮಂದಿ ಕೈ ಬಿಡೂದು ಇದೇ ವಾರದಾಗ. 17ನೇ ದಿನಕ್ಕ ಹೊಸ ಕಾರ್ಡಿಗೆ ಒಂಬತ್ತು, 21ನೇ ದಿನಕ್ಕ ಮೂರು. ಬಟಾಟಿ ಎತ್ತಿದ್ರ ಕೆಳಗ ಏನೂ ಇಲ್ಲ. ಎಲಿಬಳ್ಳಿ ಉಳೀಲಿಲ್ಲ, ಅದರ ಬೇರು ಮದಲೇ ಹೋಗಿತ್ತು. ಅದರ ಒಂದು ಗಿಣ್ಣು ಕತ್ತರಿಸಿ ಹೊಸ ಮಣ್ಣಾಗ ಹಚ್ಚಿದಳು. ಉಳಿದ ಹತ್ತೂ ಕುಂಡ ಪಡಸಾಲಿಗೆ ಬಂದವು. ಆ ಹಳದಿ ಗುರುತಿನ ಡಬ್ಬಿ ಶೆಡ್ಡಿನಾಗ ಕೀಲಿ ಒಳಗ ಅದ, ಕೀಲಿ ಸೊಸಿ ಕಡೆ ಇರ್ತದ.

ಇನ್ನ ಹೊಸ ಗಿಡ ತರೋರು ಒಂದು ಮಾಡ್ರಿ. ನರ್ಸರಿ ಗಿಡದ ಕೊಕೊಪೀಟಿನಾಗ, ಪೂರಾ ಕೊಳೀದ ತಿಪ್ಪಿ ಗೊಬ್ಬರದಾಗ ಈ ಹುಳ ಮನಿ ತನಕ ಬರ್ತದ. ತಂದ ಗಿಡ ಎರಡು ವಾರ ಹೊರಗಿನ ಕಟ್ಟಿ ಮ್ಯಾಲ ಇಟ್ಟು, ಒಂದು ಬಿಲ್ಲಿ ಬಟಾಟಿ ಇಟ್ಟು ನೋಡಿ ಒಳಗ ಒಯ್ಯರಿ. ಗೊಬ್ಬರ ಚಲೋ ಬಿಸಿಲಿಗೆ ಹರವಿ ಒಣಗಿಸಿ ಕುಂಡಕ್ಕ ಹಾಕ್ರಿ. ಬಟಾಟಿ ಬಿಲ್ಲಿ ಕುಂಡದಾಗೇ ಮರತು ಬಿಡಬ್ಯಾಡ್ರಿ, ಕೊಳತ್ರ ಅದೂ ಹುಳಕ್ಕ ಊಟ ಆಗ್ತದ.

ಮೊನ್ನೆ ಭೂತಗನ್ನಡಿ ವಾಪಸು ಕೊಡಾಕ ನಮ್ಮ ಕನ್ನಡ ಸಾಲಿಗೆ ಹೋಗಿದ್ದೆ. ಆಫೀಸಿನ ಕಿಟಕ್ಯಾಗ ಎರಡು ಮನಿಪ್ಲ್ಯಾಂಟ್ ಚಂದ ಬೆಳದಾವ. ಎರಡರ ತಟ್ಟ್ಯಾಗೂ ನೀರು ನಿಂತಿತ್ತು. ಗುರುಗಳು ಚಹಾ ತರಿಸಿದ್ರಂತ ಆಗ ಏನೂ ಅನ್ನಲಿಲ್ಲ. ಈ ಪುಸ್ತಕ ಕೈಗೆ ಬಂದ ದಿನ ಆ ತಟ್ಟಿ ಚೆಲ್ಲಿ ತಿಕ್ಕಿ ಇಡಬೇಕಂತ ಇಲ್ಲೇ ಹೇಳ್ತೇನಿ. ಬಟಾಟಿ ನಾನೇ ತಂದು ಕೊಡ್ತೇನಿ, ಏಳನೇ ಇಯತ್ತೆಯ ಹುಡುಗರು ಮರಿ ನೋಡಲಿ.